ವಿಠ್ಠಲವಾಡಿಯ ಬೀಗ

ಕಂಪಾಲಾ, ಸೋಮವಾರ

ಅಮ್ಮಾ,

ಶೌಚಾಲಯ ಕಟ್ಟಿಸುವ ಆ ಐರೋಲಿಯ ಸಂಸ್ಥೆಯವರು ಹೇಳಿದ್ದು, ಇಂಟರ್ನ್‌ಶಿಪ್‌ನಲ್ಲಿ ಜನರ ನಡುವೆ ಕೆಲಸ. ಇಲ್ಲಿ ಮೂರು ದಿನದಿಂದ ಫೋಟೋ ತೆಗೆಯುತ್ತಿದ್ದೇನೆ, ಬಾಯಿ ತೆರೆಯುವಂತಿಲ್ಲ.

ಇವತ್ತು ಕೊಳೆಗೇರಿಯ ಹೆಂಗಸರಿಗೆ ಪರದೆಯ ಮೇಲೆ ನಿನ್ನನ್ನೇ ತೋರಿಸಿದರು. ವಿಠ್ಠಲವಾಡಿಯ ನಮ್ಮ ಚಾಳಿನ ಶೌಚಾಲಯದ ಮುಂದೆ ನೀನು ರಿಬ್ಬನ್ ಕತ್ತರಿಸಿದ ಫೋಟೋ. ಅವತ್ತೇ ನೀನು "ರಿಬ್ಬನ್ ಬಂತು, ನೀರೆಲ್ಲಿ ಮಾರಾಯ್ರೆ?" ಅಂದಿದ್ದೆ, ಅದು ಫೋಟೋದಲ್ಲಿಲ್ಲ. ಇಲ್ಲೂ ಅಂಥದ್ದೇ ಕಟ್ಟಲು ಹತ್ತು ಗುಡಿಸಲು ಕೆಡವುತ್ತಾರಂತೆ.

ಒಬ್ಬ ಮುದುಕಿ ನನ್ನನ್ನು ಕೇಳಿದಳು, "ಅದು ನಿನ್ನ ಊರಂತೆ. ಅಲ್ಲಿ ನೀರು ಬರುತ್ತದಾ ಮಗಳೇ?" ಮೇಲಧಿಕಾರಿ ನನ್ನ ಮೊಣಕೈ ಅದುಮಿದರು. ನಾನು ಕ್ಯಾಮೆರಾ ಎತ್ತಿ ಮುಂದಿನ ಫೋಟೋ ತೆಗೆದೆ.

ಎರಡು ವರ್ಷದಿಂದ ನಮ್ಮ ಚಾಳಿನ ಆ ಶೌಚಾಲಯದ ಬಾಗಿಲಿಗೆ ಬಿದ್ದಿರುವ ಬೀಗದ ಫೋಟೋ ತೆಗೆದು, ಈ ಪತ್ರ ಬಂದ ತಂಗಿಯ ಮೊಬೈಲಿನಿಂದಲೇ ಕಳಿಸು. ತಾರೀಖು ಕಾಣುವಂತೆ ಪಕ್ಕದಲ್ಲಿ ನಾಳೆಯ ಪೇಪರ್ ಹಿಡಿ. ನನ್ನನ್ನು ವಾಪಸ್ ಕಳಿಸಿದರೆ ಕಳಿಸಲಿ. ಆ ಹೆಂಗಸರ ಮುಂದಿನ ಸಭೆ ಗುರುವಾರ ಸಂಜೆ ನಾಲ್ಕಕ್ಕೆ.

ನಿನ್ನ ಮಗಳು,
ಪ್ರಣೀತಾ