ಇಪ್ಪತ್ತು ಸೆಕೆಂಡು ಮೌನ

ಮಹಡಿಯ ಕೋಣೆ,
ಮಾರ್ಚ್ ೧೨, ಮಂಗಳವಾರ

ನನ್ನ ಪ್ರೀತಿಯ ಇವರೇ,

ಹೇಗಿದ್ದೀರಿ? ಕೆಮ್ಮು ನಿಂತಿತೇ? ಟೆಲಿವಿಷನ್ ತರಬೇತಿಯಲ್ಲಿ ದಿನವಿಡೀ ಆ ದೀಪಗಳ ಕೆಳಗೆ ಬೆವರಿ, ಹೊರಬಂದ ಕೂಡಲೇ ತಣ್ಣೀರು ಕುಡಿಯುತ್ತೀರೆಂದು ನನಗೆ ಗೊತ್ತು. ಮದುವೆಯಾಗಿ ಎರಡೂವರೆ ತಿಂಗಳಲ್ಲಿ ಅಷ್ಟಾದರೂ ತಿಳಿಯಬೇಡವೇ. ನಿಮ್ಮ ಪತ್ರವನ್ನು ಹನ್ನೊಂದು ಸಲ ಓದಿದೆ. ಕ್ಯಾಮೆರಾದ ಮುಂದೆ ಗ್ಲೋಬ್ ಹಿಡಿದು ನಿಂತಾಗ ಕೈ ನಡುಗಿ ಭೂಕಂಪವೇ ಆಯಿತೆಂದು ಬರೆದಿದ್ದೀರಲ್ಲ, ಒಬ್ಬಳೇ ಕೂತು ನಕ್ಕೆ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಒತ್ತಕ್ಷರ ಜಾರಿದ್ದರೆ ಮೇಷ್ಟ್ರ ಹಾಗೆ ತಿದ್ದಬೇಡಿ, ಮುದ್ದು ಮಾಡಿ ಇಟ್ಟುಕೊಳ್ಳಿ.

ಇನ್ನು ನಿಮ್ಮಣ್ಣನ ವಿಚಾರ. ಭಾವ ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ. ನೀವು ಬರೆದಿಟ್ಟ ಶಾಲಾ ಪಾಠಗಳನ್ನು ರೇಡಿಯೊದಲ್ಲಿ ನಿಮ್ಮ ಬದಲು ನಾನು ಓದುತ್ತೇನೆ, ಗಾಜಿನ ಆಚೆ ಯಂತ್ರದ ಮುಂದೆ ಅವರು ಕೂರುತ್ತಾರೆ. ಪ್ರತಿ ಪ್ರಶ್ನೆಯ ಕೆಳಗೂ 'ಇಪ್ಪತ್ತು ಸೆಕೆಂಡು ಮೌನ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೀರಿ, ಮಕ್ಕಳು ತರಗತಿಯಲ್ಲಿ ಯೋಚಿಸಿ ಉತ್ತರ ಹೇಳಲೆಂದು. ನಿಮ್ಮಣ್ಣನ ರಿಜಿಸ್ಟರಿನಲ್ಲಿ ಹತ್ತು ಸೆಕೆಂಡು ಮೀರಿದ ಮೌನವೆಂದರೆ ಯಂತ್ರದ ದೋಷ. ಹನ್ನೊಂದನೆಯ ಸೆಕೆಂಡಿಗೆ ಪಿಟೀಲಿನ ಗ್ರಾಮಫೋನ್ ಪ್ಲೇಟು ಹಾಕುತ್ತಾರೆ. ನೀವು ಕೈಯೆತ್ತಿ ತೋರಿಸಿದರೆ ಸುಮ್ಮನಿರುತ್ತಿದ್ದರಂತೆ. ನಾನು ಎರಡೂ ಕೈ ಎತ್ತಿದರೂ ಪಿಟೀಲು. ಕೇಳಿದರೆ, "ಬರೀ ಮೌನ ಪ್ರಸಾರ ಮಾಡೋಕೆ ನನಗೆ ಸಂಬಳ ಕೊಡಲ್ಲಮ್ಮ. ನಾಳೆ ಟಿವಿ ಬಂದ್ರೆ ನಿನ್ನ ಪಾಠ ಕೇಳೋರ್ಯಾರು? ನಾಲ್ಕು ದಿನ ಓದು, ಆಮೇಲೆ ಮನೇಲಿರು" ಎಂದರು. ಅಡುಗೆಮನೆಯಲ್ಲಿ ನಿಮ್ಮತ್ತಿಗೆ ನನ್ನ ಕೈ ಹಿಡಿದು, "ಅವರಿಗೆ ಎದುರು ಮಾತಾಡ್ಬೇಡ ಕಣೇ, ಈ ಮನೇಲಿ ಯಾರೂ ಮಾತಾಡಿಲ್ಲ" ಎಂದರು. "ಅದಕ್ಕೇ ಹೀಗಾಗಿದ್ದಾರೆ ಅಕ್ಕ" ಎಂದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಪಾಪ.

ಕಳೆದ ಗುರುವಾರ ನಾನು ಓದಿದ ಪಾಠದ ಮರುಪ್ರಸಾರವಿತ್ತು. ಬಸ್ ಡಿಪೋ ಹಿಂದಿನ ಶಾಲೆಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ಚಿಕ್ಕ ಕಲ್ಲು ಮುಳುಗುತ್ತದೆ, ದೊಡ್ಡ ದಿಮ್ಮಿ ತೇಲುತ್ತದೆ, ಏಕೆ ಎಂದು ರೇಡಿಯೊ ಪೆಟ್ಟಿಗೆಯೊಳಗಿಂದ ನನ್ನದೇ ದನಿ ಕೇಳಿತು. ನನ್ನ ಪಕ್ಕದ ಹುಡುಗಿ ಬೆರಳು ಮಡಿಸುತ್ತಾ ಏನೋ ಲೆಕ್ಕ ಹಾಕಿ, ಅರ್ಧ ಎದ್ದು ಬಾಯಿ ತೆರೆದಳು. ಪಿಟೀಲು ಶುರುವಾಯಿತು. ಮೇಷ್ಟ್ರು, "ಕೂತ್ಕೊಳೇ, ಮ್ಯೂಸಿಕ್ ಬಂತಲ್ಲ, ಮುಗೀತು" ಎಂದರು. ಕೂತಳು. ಆಮೇಲೆ ನಾನೇ ಕೇಳಿದರೆ ತಲೆಯಾಡಿಸಿ ಓಡಿಹೋದಳು. ಈ ಗದ್ದಲಕ್ಕೆ ಬೇಸತ್ತು ಹದಿನೇಳು ಶಾಲೆಗಳು ರೇಡಿಯೊ ಹಾಕುವುದನ್ನೇ ಬಿಟ್ಟಿವೆ. ತಿಂಗಳ ಕೊನೆಗೆ, ರೇಡಿಯೊ ಕೇಳುವ ಶಾಲೆಗಳ ಪಟ್ಟಿ ನೋಡಿ ನಿಲಯದ ನಿರ್ದೇಶಕರು ಪಾಠ ಉಳಿಸುವುದೋ, ಆ ಅರ್ಧ ಗಂಟೆಯನ್ನು ಚಿತ್ರಗೀತೆಗೆ ಕೊಡುವುದೋ ತೀರ್ಮಾನಿಸುತ್ತಾರೆ. ನಿಮ್ಮಣ್ಣನಿಗೆ ಇದು ಗೊತ್ತು. ಗೊತ್ತಿದ್ದೇ ಮಾಡುತ್ತಿದ್ದಾರೆ.

ನಿಮ್ಮ ಕೋಣೆಯ ಜೊತೆಗಾರರಿಗೆ ನನ್ನ ನಮಸ್ಕಾರ ತಿಳಿಸಿ. ನಿಮಗೆ ಕೊಡಬೇಕಾದದ್ದನ್ನು ಬರೆದರೆ ಅಂಚೆಯವರು ಓದಿಯಾರು, ನೀವೇ ಅಂದಾಜು ಮಾಡಿಕೊಳ್ಳಿ.

ನಿಮ್ಮವಳೇ,
ಗುಬ್ಬಿ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಜೊತೆಗಿರುವ ಹಾಳೆ ನಿಮ್ಮಣ್ಣನ ಮೇಲಿನ ದೂರು. ಪಾಠ ಬರೆದವರ ಸಹಿಯಿಲ್ಲದೆ ನಿರ್ದೇಶಕರು ಮುಟ್ಟುವುದಿಲ್ಲವಂತೆ. ನನ್ನ ಸಹಿಯ ಕೆಳಗೆ ನಿಮಗೆ ಜಾಗ ಬಿಟ್ಟಿದ್ದೇನೆ. 'ಮನೆ ವಿಷಯ ಮನೇಲೇ ಇರ್ಲಿ' ಎಂದು ನಿಮ್ಮಣ್ಣನೂ ನಿಮಗೆ ಬರೆಯುತ್ತಾರೆ, ನೋಡುತ್ತಿರಿ. ಇದು ಮನೆಯ ವಿಷಯವಲ್ಲ. ಮುಂದಿನ ವಾರದ ಶನಿವಾರದೊಳಗೆ ಹಾಳೆ ಬರದಿದ್ದರೆ ನಾನೇ ನಿರ್ದೇಶಕರ ಕೋಣೆಗೆ ಹೋಗಿ ಈ ದೂರನ್ನು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ನನ್ನ ಸಿಟ್ಟು ನಿಮ್ಮಣ್ಣನ ಮೇಲಲ್ಲ, ನಿಮ್ಮ ಮೇಲೆ. ಅದನ್ನು ನೀವಿನ್ನೂ ನೋಡಿಲ್ಲ.