ಒಣಗದ ಮದುವೆ ಗೌನು

ಎಫ್ರಾಸಿಯಾ ಅಕ್ಕಾ,

ಅಟಕಾಮ ಮರುಭೂಮಿಯಲ್ಲಿ ಕೂತು ಚಳಿಗೆ ನಡುಗುತ್ತಾ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಈ ಕಡಲೂರು ಒಳನಾಡಿನ ನಮ್ಮ ಪೀಕಾದ ನೇರ ಪಡುವಣಕ್ಕಿದೆ, ಬಿಸಿಲೂ ಅಷ್ಟೇ ಇದ್ದೀತೆಂದು ಮದುವೆಯ ಗೌನನ್ನು ಮೊನ್ನೆ ಒಗೆದುಹಾಕಿದೆ. ಮಳೆಯನ್ನೇ ಕಾಣದ ಊರಲ್ಲಿ ಅದಿನ್ನೂ ತೊಟ್ಟಿಕ್ಕುತ್ತಿದೆ. ನಾಡಿದ್ದೇ ಮದುವೆ!

“ಮರಳಿದ್ದಲ್ಲೆಲ್ಲ ಸುಡುತ್ತೆ ಅಂದ್ಕೊಂಡ್ಯೇನೇ ಹುಡುಗಿ?” ಎಂದು ಅತ್ತೆ ನಕ್ಕರು. “ಈ ಕಡಲಲ್ಲಿ ಹರಿಯೋದು ಹಿಮದ ಕಡೆಯ ತಣ್ಣೀರು. ಅದನ್ನ ಸವರಿಕೊಂಡು ಬರೋ ಗಾಳಿ ನಮಗೆ ಮಂಜು ಹೊದಿಸುತ್ತೆ. ಬಟ್ಟೆ ಒಣಗಬೇಕಂದ್ರೆ ಗುಡ್ಡ ಹತ್ತಿ ಮಂಜು ದಾಟಬೇಕು, ಏಳೇ!”

ಪೀಕಾಕ್ಕೆ ಹೊರಟ ಮೀನಿನ ಲಾರಿ ಹಾರ್ನ್ ಹೊಡೆಯುತ್ತಿದೆ. ಅದರಲ್ಲಿ ಗೌನು, ನಾನು ಗುಡ್ಡದವರೆಗೆ, ಈ ಕಾರ್ಡು ನಿನ್ನವರೆಗೆ. ಮೂಗು ಸೋರುತ್ತಿದೆ, ಮದುವೆಗೆ ಬರುವಾಗ ನಿಂಬೆಹಣ್ಣು ತಾ. ‘ಮರುಭೂಮಿಗೆ ಇದ್ಯಾಕೆ’ ಎಂದು ಬಿಟ್ಟುಬಂದೆನಲ್ಲ, ಆ ಉಣ್ಣೆ ಶಾಲನ್ನೂ ತಾ. ಗೌನು ಒಣಗಿದರೆ ಅದರ ಮೇಲೆ ಹೊದೆಯುತ್ತೇನೆ, ಒಣಗದಿದ್ದರೆ ಅದರ ಬದಲು!

ನಿನ್ನ ತಂಗಿ,
ನೀವೆಸ್