ಏಳು ವರ್ಷದವಳಿಗೆ ಸಮನ್ಸ್

ಮಕ್ಕಳ ನ್ಯಾಯ ಇಲಾಖೆಯ ಕಾರ್ಯದರ್ಶಿಗಳೇ,

‘ಮಗು ಎಡವಿದಲ್ಲಿ ನೆಲವೇ ಕೈಚಾಚಿತು’ ಎಂದೋ ಏನೋ ಒಂದು ಸಾಲನ್ನು ಕಾಲೇಜಿನ ದಿನಗಳಲ್ಲಿ ಓದಿದ್ದೆ. ಬರೆದವರು ಯಾರೋ ಮರೆತಿದ್ದೇನೆ. ನೆಲವೋ ನೆರಳೋ, ಅದೂ ಖಚಿತವಿಲ್ಲ. ಆದರೂ ಇಷ್ಟು ವರ್ಷ ನಂಬಿಕೊಂಡು ಬಂದೆ. ಈಗ ಕೇಳಬೇಕಾಗಿದೆ: ಯಾವ ನೆಲ, ಮಾನ್ಯರೇ? ನಮ್ಮ ಲೈಬ್ರರಿಗೆ ಬರುವ ಏಳು ವರ್ಷದ ಹುಡುಗಿಯೊಬ್ಬಳು ಎಡವಿದಾಗ ಅವಳತ್ತ ಚಾಚಿದ್ದು ಬಾಲ ನ್ಯಾಯಾಲಯದ ಸಮನ್ಸ್. ಅದನ್ನು ತರಿಸಿದವಳು ನಾನು. ನನ್ನ ಕೈಯಿಂದ ತರಿಸಿದವರು ನೀವು.

ಹದಿನೆಂಟು ವರ್ಷಗಳಿಂದ ನಾನು ಮಕ್ಕಳ ಲೈಬ್ರರಿ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿರುವುದು ಒಂದೇ ಕಟ್ಟಳೆ: ಪುಸ್ತಕ ಹರಿದವರು ತಾವಾಗಿಯೇ ಬಂದು ಹೇಳಬೇಕು. ಬೈಗುಳವಿಲ್ಲ, ದಂಡವಿಲ್ಲ. ಅಂಟಿನ ಡಬ್ಬಿ ಕೊಡುತ್ತೇನೆ; ಹರಿದ ಹಾಳೆಯನ್ನು ಅವರೇ ಅಂಟಿಸುತ್ತಾರೆ. ಸೊಟ್ಟಗೆ ಅಂಟಿದ ಆ ಪುಸ್ತಕಗಳೆಂದರೆ ನನಗೆ ಹೆಮ್ಮೆ.

ಕೆಲವು ತಿಂಗಳ ಹಿಂದೆ ತಿಮಿಂಗಿಲದ ಚಿತ್ರಗಳಿದ್ದ ಪುಸ್ತಕಕ್ಕಾಗಿ ಜಗಳವಾಗಿ, ನಾವು ಚೂಟಿ ಎಂದು ಕರೆಯುವ ಈ ಹುಡುಗಿ ಗೆಳತಿಯನ್ನು ಸ್ಟೂಲಿನಿಂದ ತಳ್ಳಿದಳು. ಗೆಳತಿಯ ಮಣಿಕಟ್ಟು ಮುರಿಯಿತು. ಒಳಕೋಣೆಯಲ್ಲಿದ್ದ ನನ್ನ ಬಳಿಗೆ ಓಡಿ ಬಂದವಳು ಚೂಟಿಯೇ. “ಆಂಟಿ, ನಾನೇ ತಳ್ಳಿಬಿಟ್ಟೆ. ಬೇಗ ಬನ್ನಿ, ಅವಳು ಅಳ್ತಿದಾಳೆ.”

ಮಗುವಿನಿಂದ ಯಾರಿಗಾದರೂ ಪೆಟ್ಟಾದರೆ ವರದಿ ಕಳಿಸಿ, ಮಗುವಿಗೆ ನೆರವು ದೊರೆಯುತ್ತದೆ, ‘ಮೊಕದ್ದಮೆ ಇರುವುದಿಲ್ಲ’ ಎಂಬ ನಿಮ್ಮ ಸುತ್ತೋಲೆ ನನ್ನ ಮೇಜಿನ ಮೇಲಿತ್ತು. ನಂಬಿ ವರದಿ ಬರೆದೆ. ಒಳ್ಳೆಯ ಮಾತೊಂದು ಇರಲಿ ಎಂದು, ‘ಯಾರೂ ಕೇಳುವ ಮೊದಲೇ ತಪ್ಪೊಪ್ಪಿಕೊಂಡಳು’ ಎಂದು ಸೇರಿಸಿದೆ. ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ಆ ವಾಕ್ಯವನ್ನು ಎರಡು ಸಲ ಓದಿದರು. ನನ್ನ ಬರವಣಿಗೆಗೆ ಅಷ್ಟು ಶ್ರದ್ಧೆಯ ಓದುಗರು ಹಿಂದೆಂದೂ ಸಿಕ್ಕಿರಲಿಲ್ಲ.

ನ್ಯಾಯಾಧೀಶರು ಮೆತ್ತಗೆ ಕೇಳಿದರು, “ನೀನೇನಮ್ಮಾ ತಳ್ಳಿದ್ದು?” ಹೊಲಿಗೆ ಕೆಲಸದ ಅವಳಮ್ಮ ಸುಮ್ಮನಿರು ಎಂಬಂತೆ ಹಿಂದಿನಿಂದ ಅವಳ ಅಂಗಿ ಜಗ್ಗಿದರು. ಚೂಟಿ ನನ್ನತ್ತ ನೋಡಿ, ಉತ್ತರ ಗೊತ್ತಿರುವ ಮಗುವಿನ ಖುಷಿಯಲ್ಲಿ ಹೇಳಿದಳು: “ಹೂಂ, ನಾನೇ. ಈಗ ಏನು ಅಂಟಿಸ್ಬೇಕು?”

ಯಾರೋ ನಕ್ಕರು. ಗುಮಾಸ್ತರು ‘ಹೂಂ, ನಾನೇ’ ಎಂಬುದನ್ನಷ್ಟೇ ಬರೆದುಕೊಂಡರು.

ಕೈ ಮುರಿದುಕೊಂಡ ಮಗುವಿನ ತಂದೆ ಹೊರಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು: “ಪ್ಲಾಸ್ಟರ್ ಬಿಚ್ಚಿ ಎಷ್ಟೋ ದಿನ ಆಯ್ತು ಸ್ವಾಮಿ. ಇಬ್ರೂ ಒಟ್ಟಿಗೇ ಆಡ್ಕೊಂಡಿದಾರೆ. ಈ ಕೇಸು ಯಾರಿಗೆ ಬೇಕಾಗಿದೆ?” ಉತ್ತರಕ್ಕಾಗಿ ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ಸುತ್ತೋಲೆ ಕಾನೂನಲ್ಲ ಮೇಡಂ. ಕಾನೂನಿನಲ್ಲಿ ಕನಿಷ್ಠ ವಯಸ್ಸು ಅಂತ ಏನೂ ಇಲ್ಲ” ಎಂದರು ನಿಮ್ಮ ಸಿಬ್ಬಂದಿ, ಮಳಿಗೆಯಲ್ಲಿ ಸಾಮಾನು ಮುಗಿದಿದೆ ಎನ್ನುವ ಧಾಟಿಯಲ್ಲಿ.

ನಮ್ಮ ಲೈಬ್ರರಿಯಿಂದ ಪುಸ್ತಕ ಮನೆಗೊಯ್ಯಲು ಎಂಟು ವರ್ಷ ತುಂಬಿರಬೇಕು. ಅದು ಸರ್ಕಾರದ್ದೇ ನಿಯಮ. ನಿಮ್ಮ ಕಟ್ಟಡದ ಲಿಫ್ಟನ್ನು ಒಬ್ಬರೇ ಹತ್ತಲು ಹನ್ನೆರಡಾಗಿರಬೇಕು. ಆರೋಪಿಯಾಗಲು ಮಾತ್ರ ಹುಟ್ಟಿದ್ದರೆ ಸಾಕೇ? ತಿಮಿಂಗಿಲದ ಪುಸ್ತಕವನ್ನು ಮನೆಗೊಯ್ಯಲಾಗದವಳು ಮೊಕದ್ದಮೆಯನ್ನು ಹೊತ್ತು ಹೋಗಬಹುದೇ?

ಮುಂದಿನ ತಿಂಗಳು ಅವಳನ್ನು ಸುಧಾರಣಾ ಗೃಹಕ್ಕೆ ಕಳಿಸಬೇಕೇ ಎಂಬುದು ತೀರ್ಮಾನವಾಗಲಿದೆ. ಅದಕ್ಕೆ ಮೊದಲು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಿ. ಹದಿನಾಲ್ಕು ತುಂಬದ ಯಾವ ಮಗುವನ್ನೂ ನ್ಯಾಯಾಲಯದಲ್ಲಿ ಆರೋಪಿಯಾಗಿ ನಿಲ್ಲಿಸಕೂಡದೆಂದು ಕಾನೂನಿನಲ್ಲೇ ಬರೆಯಿರಿ. ದಯವಿಟ್ಟು ಇನ್ನೊಂದು ಸುತ್ತೋಲೆ ಬೇಡ.

ಮೊನ್ನೆ ಸಂಜೆ ಪಕ್ಕದ ಮನೆಯಾಕೆ, ತಮ್ಮ ಮಗಳು ಲೈಬ್ರರಿಯಿಂದ ಓದಲು ಒಯ್ದಿದ್ದ ಪುಸ್ತಕ ಹಿಂದಿರುಗಿಸಲು ನಮ್ಮ ಮನೆ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಚಪ್ಪಲಿ ಕೂಡ ಬಿಡದೆ ನಿಂತು ಹೇಳಿದರು: “ಬೇಜಾರು ಮಾಡ್ಕೋಬೇಡಿ ಅಕ್ಕಾ. ಏನೇ ತಪ್ಪು ಮಾಡಿದ್ರೂ ಲೈಬ್ರರಿ ಆಂಟಿ ಹತ್ರ ಮಾತ್ರ ಬಾಯಿ ಬಿಡ್ಬೇಡ ಅಂತ ನಮ್ಮ ಹುಡುಗೀಗೆ ಹೇಳ್ಕೊಟ್ಟಿದೀನಿ.”

ಇಂತಿ,
ನಿಮ್ಮನ್ನು ನಂಬಿ, ಮಕ್ಕಳ ನಂಬಿಕೆ ಕಳೆದುಕೊಂಡ
ಒಬ್ಬ ಗ್ರಂಥಪಾಲಕಿ